ಭೂಮಿ ಸುಮ್ಮನಾದ ಆರು ವಾರ

‘ಮಗುಗೆ ಇನ್ನೂ ಕೆಮ್ಮು ಹೋಗ್ಲಿಲ್ವಾ ಮೇಡಂ?’

ಕೇಳಿದ್ದು ನಮ್ಮ ರಸ್ತೆ ಕೊನೆಯ ಮೆಡಿಕಲ್ ಸ್ಟೋರಿನವರು. ನಾನು ಹೋಗಿದ್ದು ತಲೆನೋವಿನ ಮಾತ್ರೆಗೆ. ಸಂಜೆ ಐದು ಗಂಟೆ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ನಾಲ್ಕು ಕ್ಲಾಸ್ ಮುಗಿಸಿ, ಬಸ್ ಬದಲಾಯಿಸಿ, ಬ್ಯಾಟರಾಯನಪುರ ತಲುಪುವಷ್ಟರಲ್ಲಿ ತಲೆ ನೋಯದೆ ಇನ್ನೇನಾಗುತ್ತದೆ?

‘ಯಾವ ಮಗು?’ ಅಂದೆ.

‘ನಿಮ್ ಪಾಪುನೇ. ಓನರ್ ಅಜ್ಜಿ ವಾರ ವಾರ ಸಿರಪ್ ತಗೊಂಡ್ ಹೋಗ್ತಾರಲ್ಲ. ಮೊನ್ನೆ ಕೂಡ ಒಂದು ಬಾಟಲ್ ತಗೊಂಡ್ರು. ಇಷ್ಟ್ ದಿನ ಕೆಮ್ಮಿದ್ರೆ ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಿ.’

ನನ್ನ ಮಗಳಿಗೆ ಕೆಮ್ಮಿರಲಿಲ್ಲ. ದೀಪಾವಳಿ ಹೊತ್ತಿಗೆ ಒಮ್ಮೆ ನೆಗಡಿಯಾಗಿತ್ತು, ನಾಲ್ಕು ದಿನಕ್ಕೆ ಹೋಗಿತ್ತು. ಆಮೇಲೆ ಒಂದು ಸೀನೂ ಸೀನಿರಲಿಲ್ಲ.

ಮಾತ್ರೆಯನ್ನು ಕೌಂಟರ್ ಮೇಲೆಯೇ ಬಿಟ್ಟು ಹೊರಗೆ ಬಂದೆ. ಅಲ್ಲಿಂದ ನಮ್ಮ ಮನೆಗೆ ಮೂರು ನಿಮಿಷದ ದಾರಿ. ಆ ಮೂರು ನಿಮಿಷದಲ್ಲಿ ಕಳೆದ ಆರು ವಾರ ಪೂರ್ತಿ ಬೇರೆಯಾಗಿ ಕಾಣತೊಡಗಿತು.

ಈ ಅಂಕಣ ಓದುವವರಿಗೆ ನನ್ನ ಗಂಡ ಪ್ರಸನ್ನನಿಗಿಂತ ನನ್ನ ಮಗಳು ಭೂಮಿಯೇ ಹೆಚ್ಚು ಪರಿಚಯ. ಮೊದಲ ಸಲ ಓದುತ್ತಿರುವವರು ಕೇಳಿ. ಆರು ವರ್ಷ. ಒಂದನೇ ಕ್ಲಾಸು. ನಡೆಯುವುದು ಗೊತ್ತಿಲ್ಲ, ಓಡುವುದು ಮಾತ್ರ ಗೊತ್ತು. ಒಂದು ದೋಸೆ ತಿನ್ನಲು ಐದು ಜಾಗ ಬೇಕು. ಮೊದಲ ತುತ್ತು ಅಡುಗೆಮನೆ ಕಟ್ಟೆಯ ಮೇಲೆ, ಕೊನೆಯದು ಕಿಟಕಿ ಗ್ರಿಲ್ ಮೇಲೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಏರ್‌ಪೋರ್ಟಿನಿಂದ ವಿಮಾನ ಎದ್ದರೆ ಮಾತ್ರ ನಮಗಿಂತ ಮುಂಚೆ ಅವಳಿಗೆ ಕೇಳುತ್ತದೆ. (ಭೂಮಿ ಅಂತ ಹೆಸರಿಟ್ಟ ಮೇಲೆ ಸುತ್ತದೆ ಇರ್ತಾಳಾ ಅನ್ನುವುದು ಪ್ರಸನ್ನನ ಹಳೆಯ ಜೋಕು.)

ಇದನ್ನೆಲ್ಲ ಬರೆದು ನಿಮ್ಮನ್ನು ನಗಿಸಿದ್ದೇನೆ. ಬರೆಯದೆ ಬಿಟ್ಟದ್ದೂ ಇದೆ.

ಒಂದೇ ಟರ್ಮ್‌ನಲ್ಲಿ ಸ್ಕೂಲಿನಿಂದ ನಾಲ್ಕು ಸಲ ಫೋನ್ ಬಂದದ್ದು. ಕ್ಲಾಸಿನ ಮಕ್ಕಳ ಬರ್ತ್‌ಡೇ ಪಾರ್ಟಿಯ ಫೋಟೋ ಮಾತ್ರ ನಮಗೆ ಬಂದು, ಪಾರ್ಟಿಗೆ ಕರೆ ಬಾರದೇ ಇದ್ದದ್ದು. ನಾವು ಬರುತ್ತೇವೆಂದು ಗೊತ್ತಾದರೆ ನಾದಿನಿ ಮನೆಯ ಶೋಕೇಸ್‌ಗೆ ಬೀಗ ಬೀಳುವುದು. ಆರ್.ಟಿ. ನಗರದ ಮಕ್ಕಳ ಡಾಕ್ಟರು ಅವಳನ್ನು ಅರ್ಧ ಗಂಟೆ ನೋಡಿ, ‘ಇದು ಬರೀ ತುಂಟತನ ಅಲ್ಲ ಅನ್ಸುತ್ತಮ್ಮ. ಎಡಿಎಚ್‌ಡಿ ಇರಬಹುದು. ಆಟಿಸಂನ ಒಂದೆರಡು ಲಕ್ಷಣನೂ ಕಾಣ್ತಿದೆ. ಸರಿಯಾಗಿ ಅಸೆಸ್‌ಮೆಂಟ್ ಮಾಡಿಸ್ಬಿಡೋಣ’ ಎಂದು ಹೆಬ್ಬಾಳದ ಹತ್ತಿರದ ಒಂದು ಸೆಂಟರ್‌ಗೆ ಚೀಟಿ ಬರೆದುಕೊಟ್ಟದ್ದು. ಅಲ್ಲಿ ಎರಡು ತಿಂಗಳು ಕಾದ ಮೇಲೆ ಡೇಟ್ ಸಿಗುತ್ತದೆ ಅಂದದ್ದು.

ಯಾಕೆ ಬರೆಯಲಿಲ್ಲ? ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ. ಇಷ್ಟು ಓದಿದವಳಿಗೆ ಇಂಥ ಭಯವಾ ಎಂದು ಕೇಳಬೇಡಿ. ಓದಿದವರಿಗೇ ಅದು ಜಾಸ್ತಿ.

ಇನ್ನು ಓನರ್ ಅಜ್ಜಿ, ಅಂದರೆ ಜಯಮ್ಮನವರು. ನಾವು ಬಾಡಿಗೆಗಿರುವ ಮೂರು ಮಹಡಿ ಮನೆಯ ಒಡತಿ. ಈ ಲೇಔಟ್ ಆಗುವ ಮುಂಚೆ ಇದೇ ಜಾಗದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಈಗ ಮಗ ಬಿಲ್ಡರ್, ಸೊಸೆ ಬ್ಯೂಟಿ ಪಾರ್ಲರ್ ನಡೆಸುತ್ತಾರೆ. ಭೂಮಿಯನ್ನು ಎರಡು ಡೇಕೇರ್‌ನವರು ‘ಸಾರಿ ಮೇಡಂ’ ಎಂದು ವಾಪಸ್ ಕಳಿಸಿದ ದಿನ ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಜಯಮ್ಮನವರು ಬಾಗಿಲಿಗೆ ಬಂದು ಹೇಳಿದ್ದು ಇಷ್ಟೇ: ‘ಇಲ್ಲಿ ಬುಡಿ ಟೀಚರಮ್ಮ. ಇಂಥವ್ರ್ ನಾಕ್ ಜನನ ಸಾಕಿವ್ನಿ.’

ಅಂದಿನಿಂದ ಮಧ್ಯಾಹ್ನ ಸ್ಕೂಲ್ ವ್ಯಾನ್ ಇಳಿದ ಭೂಮಿ ಸಂಜೆ ನಾನು ಬರುವ ತನಕ ಅವರ ಮನೆಯಲ್ಲಿ.

ಅವರೆಕಾಯಿ ಸೀಸನ್ ಶುರುವಾದ ಹೊತ್ತಿಗೆ ಭೂಮಿ ಬದಲಾದಳು.

ನಾನು ಗೇಟ್ ತೆಗೆದರೆ ಓಡಿ ಬಂದು ಹೊಟ್ಟೆಗೆ ಗುದ್ದುತ್ತಿದ್ದವಳು, ಜಯಮ್ಮನವರ ದಿವಾನ್ ಮೇಲೆ ಕೂತಿರುತ್ತಿದ್ದಳು. ಟಿವಿ ಆಫ್ ಆಗಿದ್ದರೂ ಟಿವಿ ಕಡೆಗೇ ನೋಡುತ್ತ. ಕೈ ಚಾಚಿದರೆ ಕೈ ಕೊಡುತ್ತಿದ್ದಳು. ಊಟ ಒಂದೇ ಜಾಗದಲ್ಲಿ. ಹೋಮ್‌ವರ್ಕ್ ಮಾಡುತ್ತ ಪುಸ್ತಕದ ಮೇಲೇ ತೂಕಡಿಕೆ. ಸ್ಕೂಲ್ ಡೈರಿಯಲ್ಲಿ ಮಿಸ್ ಒಂದು ಸ್ಟಾರ್ ಅಂಟಿಸಿ, ‘ವೆರಿ ಗುಡ್ ಇಂಪ್ರೂವ್‌ಮೆಂಟ್’ ಎಂದು ಬರೆದರು. ಅವಳ ಡೈರಿಗೆ ಬಂದ ಮೊದಲ ಸ್ಟಾರ್ ಅದು. ನಾನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಒಂದು ಶುಕ್ರವಾರ ಸಂಜೆ ಯಶವಂತಪುರದ ಛತ್ರದಲ್ಲಿ ನನ್ನ ಚಿಕ್ಕಪ್ಪನ ಮಗನ ರಿಸೆಪ್ಷನ್. ಭೂಮಿ ಎರಡು ಗಂಟೆ ನನ್ನ ತೊಡೆ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿದ್ದ ನಮ್ಮತ್ತೆ (ಅಪ್ಪನ ತಂಗಿ) ಅವಳ ಕೆನ್ನೆ ಸವರಿ ಹೇಳಿದರು, ‘ಎಷ್ಟು ಲಕ್ಷಣವಾಗಿ ಕೂತಿದ್ದಾಳೆ ನೋಡೇ. ಹೆಣ್ಮಗು ಅಂದ್ರೆ ಹಿಂಗಿರ್ಬೇಕು.’ ಮನೆಗೆ ಬಂದ ಮೇಲೆ, ಮದುವೆಗೆಂದು ಊರಿನಿಂದ ಬಂದಿದ್ದ ನನ್ನ ಗಂಡನ ತಾಯಿ ದೃಷ್ಟಿ ತೆಗೆದರು. ಆ ದಿನದ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನಾನು ಹಲ್ಲು ಬಿಟ್ಟು ನಗುತ್ತಿದ್ದೇನೆ. ಮಗುವಿನ ಕಣ್ಣು ಅರ್ಧ ಮುಚ್ಚಿದೆ.

ಭಾನುವಾರ ಮಾತ್ರ ಅವಳು ಮೊದಲಿನ ಹಾಗೆ ಸ್ವಲ್ಪ ಓಡುತ್ತಿದ್ದಳು. ಸೋಮವಾರ ಸಂಜೆಗೆ ಮತ್ತೆ ಸುಮ್ಮನೆ. ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು. ಏರಿಳಿತದಲ್ಲಿ ಪ್ಯಾಟರ್ನ್ ಹುಡುಕುವುದು ಹೇಗೆಂದು ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಮನೆಯಲ್ಲಿ ಹುಡುಕಲಿಲ್ಲ.

ಬದಲಿಗೆ ಏನು ಮಾಡಿದೆ? ಎರಡು ಕೆಲಸ.

ಸಂಕ್ರಾಂತಿಗೆ ಮುಂಚೆ ಇದೇ ಜಾಗದಲ್ಲಿ ಒಂದು ಅಂಕಣ ಬರೆದೆ. ನೆನಪಿರಬಹುದು. ಸಕ್ಕರೆ ನಿಲ್ಲಿಸಿದೆ, ಮೊಬೈಲ್ ನಿಲ್ಲಿಸಿದೆ, ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಕರೆದುಕೊಂಡು ಹೋದೆ, ಮಗಳು ದಾರಿಗೆ ಬಂದಳು ಎಂದು ಬರೆದಿದ್ದೆ. ನಿಮ್ಮಲ್ಲಿ ಎಷ್ಟೊಂದು ಜನ ಡಯಟ್ ಚಾರ್ಟ್ ಕಳಿಸಿ ಎಂದು ಮೇಲ್ ಮಾಡಿದಿರಿ. (ಕಳಿಸಿದೆ. ಅದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತಿದ್ದೇನೆ. ದಯವಿಟ್ಟು ಅಳಿಸಿಬಿಡಿ.)

ಎರಡನೆಯದು ಇನ್ನೂ ಕೆಟ್ಟದ್ದು. ಹೆಬ್ಬಾಳದ ಸೆಂಟರ್‌ಗೆ ಫೋನ್ ಮಾಡಿ ಅಸೆಸ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ರಿಸೆಪ್ಷನ್ ಹುಡುಗಿ ಕಾರಣ ಕೇಳಿದಳು. ‘ಮಗು ಸರಿಹೋಗಿದ್ದಾಳೆ’ ಅಂದೆ. ಫೋನ್ ಇಟ್ಟ ಮೇಲೆ ಪ್ರಸನ್ನ, ‘ನಾನ್ ಹೇಳಿರ್ಲಿಲ್ವಾ? ಒಂದು ವಯಸ್ಸು ದಾಟಿದ್ರೆ ತಾನೇ ಸರಿಹೋಗುತ್ತೆ’ ಅಂದ. ಆ ಸಂಜೆ ನಾವಿಬ್ಬರೂ ಬಹಳ ದಿನದ ಮೇಲೆ ಕೂತು, ಬಿಸಿ ಇರುವಾಗಲೇ ಕಾಫಿ ಕುಡಿದೆವು.

ಈಗ ಮೆಡಿಕಲ್ ಸ್ಟೋರಿನಿಂದ ಬಂದ ಸಂಜೆಗೆ ಬರೋಣ.

ಜಯಮ್ಮನವರ ಬಾಗಿಲು ತೆರೆದೇ ಇತ್ತು. ಭೂಮಿ ದಿವಾನ್ ಮೇಲೆ ಬಾಯಿ ಅರ್ಧ ತೆರೆದು ಮಲಗಿದ್ದಳು. ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಬಾಟಲ್ ಇತ್ತು. ಬಚ್ಚಿಟ್ಟಿರಲಿಲ್ಲ. ಹತ್ತಿರದಲ್ಲೇ ಚಮಚ, ತೊಳೆದು ಬೋರಲು ಹಾಕಿತ್ತು.

ಕೂಗಾಡುತ್ತೇನೆಂದುಕೊಂಡಿದ್ದೆ. ಬಾಟಲ್ ಎತ್ತಿ, ಒಲೆಯ ಮುಂದಿದ್ದ ಜಯಮ್ಮನವರಿಗೆ ತೋರಿಸಿದೆ.

‘ಇದು ಯಾರಿಗೆ ಜಯಮ್ಮನೋರೆ?’

‘ಪಾಪಂಗೆ.’

‘ಎಷ್ಟು ಕೊಡ್ತೀರ?’

‘ಎರ್ಡ್ ಚಮಚ. ಮಧ್ಯಾಹ್ನ ಉಂಡಾದ್ಮೇಲೆ. ದಿನಾ.’

‘ಯಾಕೆ?’

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ನೀವೇ ಏಳಿದ್ರಲ್ಲ ಟೀಚರಮ್ಮ. ನೆಗಡಿ ಬಂದಾಗ ಬಾಟ್ಲು ತಂದ್ ಕೊಟ್ಟು, ಇದ್ ಕುಡುದ್ರೆ ಎರಡ್ ಗಂಟೆ ಅಲ್ಲಾಡಲ್ಲ, ನಿಮಗೂ ರೆಸ್ಟು ಅಂತ ನಗಾಡಿದ್ರಲ್ಲ.’

ಹೇಳಿದ್ದೆ. ನಕ್ಕಿದ್ದೆ. ಡಾಕ್ಟರು ನೆಗಡಿಗೆಂದು ಬರೆದುಕೊಟ್ಟ ಸಿರಪ್ಪಿನ ಮೊದಲ ಬಾಟಲಿಯನ್ನು ಈ ಮನೆಗೆ ತಂದವಳು ನಾನೇ. ಅದು ಖಾಲಿಯಾದ ಮೇಲೆ ಅವರು ಅದರ ಲೇಬಲ್ ತೋರಿಸಿ ಇನ್ನೊಂದು ತಂದಿದ್ದಾರೆ. ಅಂಗಡಿಯಲ್ಲಿ ಯಾರೂ ಚೀಟಿ ಕೇಳಿಲ್ಲ. ಅಷ್ಟು ಸಲೀಸು.

‘ಆದ್ರೆ ಅವಳಿಗೆ ನೆಗಡಿ ಹೋಗಿತ್ತಲ್ಲ’ ಅಂದೆ.

ಜಯಮ್ಮನವರು ಸೆರಗಿನ ತುದಿ ಹಿಡಿದು ಕುರ್ಚಿಯಲ್ಲಿ ಕೂತರು. ಆಮೇಲೆ ಆರು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದರು.

‘ಒಂದಿನ ಬಟ್ಟೆ ಮಡಿಸ್ತಾ ಇದ್ದೆ. ಪಾಪ ಕಾಣ್ಲಿಲ್ಲ. ಮೆಟ್ಲು ಅತ್ಕೊಂಡ್ ಮೇಲಕ್ ಓದ್ರೆ, ಟೆರೇಸ್ ಗೋಡೆ ಮೇಲೆ ನಿಂತವ್ಳೆ. ಗೋಡೆ ಪಕ್ಕ ಅಲ್ಲ ಟೀಚರಮ್ಮ, ಗೋಡೆ ಮೇಲೆ. ಎರಡೂ ಕೈ ಅಗಲ ಮಾಡ್ಕೊಂಡು ವಿಮಾನ ನೋಡ್ತಾವ್ಳೆ.’

ನಮ್ಮ ಟೆರೇಸು ಮೂರನೇ ಮಹಡಿಯ ಮೇಲೆ. ಗೋಡೆ ನನ್ನ ಸೊಂಟದೆತ್ತರ. ಆಚೆ ಕಾಂಕ್ರೀಟ್ ರಸ್ತೆ.

‘ಕೂಗಿದ್ರೆ ಬೆಚ್ಚಿ ಬಿದ್ಬುಡ್ತಾಳೆ. ಅತ್ರ ಓದ್ರೆ ಓಡ್ತಾಳೆ. ನನ್ ಮಂಡಿ ಬೇರೆ ಇಂಗೆ. ಅಲ್ಲೇ ಬಾಗ್ಲಲ್ಲಿ ಕೂತ್ಕೊಂಡೆ. ಮಗಾ, ಕೆಳಗೆ ಅವರೆಕಾಳು ನೆಂದವೆ, ಇದುಕೋಣ ಬಾ ಅಂದೆ. ಮೆತ್ತಗೆ. ಮೂರ್ ಸಲ ಅಂದೆ. ಆಮೇಲೆ ಇಳುದ್ಲು. ಏನೂ ಆಗ್ದೇ ಇರೋರ್ ತರ ಬಂದು ನನ್ ಕೈ ಇಡ್ಕೊಂಡ್ಲು.’

ನಾನು ಅಡುಗೆಮನೆಯ ಕಟ್ಟೆ ಹಿಡಿದುಕೊಂಡೆ. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ? ಬೋರ್ಡಿನ ಮೇಲೆ ಪ್ರಾಬಬಿಲಿಟಿ ಬರೆಯುತ್ತಿದ್ದಿರಬೇಕು.

‘ನಂಗ್ಯಾಕೆ ಹೇಳ್ಲಿಲ್ಲ?’

‘ಏಳಿದ್ರೆ ಕರ್ಕೊಂಡ್ ಓಗ್ಬುಡ್ತೀರ. ಎಲ್ ಬುಡ್ತೀರ ಈ ಮಗುನ? ಇನ್ಯಾರ್ ಸೇರಿಸ್ಕೊತಾರೆ? ಅದ್ಕೆ ಬಾಯ್ಮುಚ್ಕೊಂಡೆ. ಮಾರ್ನೇ ದಿನ ಆ ಬಾಟ್ಲು ಕಾಣಸ್ತು. ಮಲ್ಗಿರೋ ಮಗು ಬೀಳಲ್ಲ. ನಂಗ್ ಒಳದಿದ್ದು ಅಷ್ಟೇ.’

ಅವರು ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆ ಮಗು ಉಳಿದಿದ್ದು ತನ್ನಿಂದ ಎಂದು ನಂಬಿದ್ದರು. ಸುಳ್ಳೆಂದು ಹೇಗೆ ಹೇಳಲಿ? ನಿಜವೆಂದಾದರೂ ಹೇಗೆ ಹೇಳಲಿ?

ಭೂಮಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಅವಳಿಗೆ ಎಚ್ಚರವಾಯಿತು. ಅಲ್ಲೇ ಕೂತು ಕೇಳಿದೆ, ‘ಪುಟ್ಟಿ, ಅಜ್ಜಿ ನಿಂಗೆ ಔಷಧಿ ಕೊಡ್ತಾರಾ?’

‘ಪಿಂಕ್ ಔಷಧಿ’ ಅಂದಳು. ‘ಅದು ಕುಡಿದ್ರೆ ನನ್ ಕಾಲು ಮಲಗ್ಬಿಡುತ್ತೆ. ನಾನು ಎದ್ದಿದ್ರೂ ಕಾಲು ಮಲಗಿರುತ್ತೆ.’

‘ಅಮ್ಮಂಗೆ ಯಾಕೆ ಹೇಳ್ಲಿಲ್ಲ?’

ಅವಳು ನನ್ನ ವ್ಯಾನಿಟಿ ಬ್ಯಾಗಿನ ಜಿಪ್ ಎಳೆಯುತ್ತ ಯೋಚಿಸಿದಳು. ‘ನೀನು ಗುಡ್ ಗರ್ಲ್ ಅಂದ್ಯಲ್ಲ.’

ಅವಳನ್ನು ಮತ್ತೆ ಎತ್ತಿಕೊಂಡು ಉಳಿದ ಮೆಟ್ಟಿಲು ಹತ್ತಿದೆ.

ಮರುದಿನ ಬೆಳಿಗ್ಗೆ ಆರ್.ಟಿ. ನಗರದ ಡಾಕ್ಟರ ಮುಂದೆ ಬಾಟಲ್ ಇಟ್ಟೆವು. ಅವರು ಲೇಬಲ್ ಓದಿದರು, ಭೂಮಿಯ ಎದೆ ಪರೀಕ್ಷಿಸಿದರು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಸದ್ಯ ಏನೂ ಅಪಾಯವಿಲ್ಲ ಅಂದರು. ಮಧ್ಯಾಹ್ನ ಕೊಟ್ಟದ್ದರ ಮಂಪರು ಮರುದಿನ ಸ್ಕೂಲಿನ ತನಕ ಉಳಿದಿರುತ್ತದೆ, ಸ್ಟಾರ್ ಬಂದದ್ದು ಅದಕ್ಕೇ ಇರಬೇಕು ಅಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಎರಡು ಚಮಚ ಒಂದಿನ ನಾಲ್ಕಾಗಿದ್ರೆ, ಇಲ್ಲಾ ಉಸಿರಾಟದ ತೊಂದ್ರೆ ಇದ್ದ ದಿನ ಕೊಟ್ಟಿದ್ರೆ, ನೀವು ನನ್ನ ಹತ್ರ ಬರ್ತಿರ್ಲಿಲ್ಲ. ಎಮರ್ಜೆನ್ಸಿಗೆ ಓಡ್ತಿದ್ರಿ. ಅದಿರ್ಲಿ. ಆರು ವಾರ ಮಗು ಮಂಕಾಗಿ ಕೂತಿದ್ದಾಳೆ. ಮನೇಲಿ, ಸ್ಕೂಲಲ್ಲಿ, ಒಬ್ಬರಿಗೂ ಅನುಮಾನ ಬರ್ಲಿಲ್ವಾ?’

ಪ್ರಸನ್ನ ನೆಲ ನೋಡಿದ. ನಾನು ಗೋಡೆಯ ಮೇಲಿನ ಲಸಿಕೆ ಚಾರ್ಟ್ ನೋಡಿದೆ.

ಅನುಮಾನ ಹೇಗೆ ಬರುತ್ತದೆ ಹೇಳಿ. ಅವಳು ಓಡುತ್ತಿದ್ದಾಗ ಎಲ್ಲರೂ ಕಾರಣ ಕೇಳುತ್ತಿದ್ದರು. ನೀವು ಬೆಳೆಸಿದ್ದು ಸರಿಯಿಲ್ಲವೇನೋ, ಕೆಲಸಕ್ಕೆ ಹೋಗುವ ತಾಯಿ, ಬಸುರಿಯಾಗಿದ್ದಾಗ ಏನು ತಿಂದಿದ್ದೆ, ಮೊಬೈಲ್ ಕೊಡುತ್ತೀರಾ. ಆರು ವರ್ಷದಲ್ಲಿ ನನ್ನನ್ನು ಇದನ್ನೆಲ್ಲ ಕೇಳದವರಿಲ್ಲ. ಸುಮ್ಮನಾದ ಮೇಲೆ? ಒಬ್ಬರೂ ಒಂದೂ ಪ್ರಶ್ನೆ ಕೇಳಲಿಲ್ಲ. ಸ್ಟಾರ್ ಕೊಟ್ಟರು, ದೃಷ್ಟಿ ತೆಗೆದರು, ಡಯಟ್ ಚಾರ್ಟ್ ಕೇಳಿದರು. ನಾನು ಬಿಸಿ ಕಾಫಿ ಕುಡಿದೆ.

ಸಿರಪ್ ನಿಂತ ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಿಂದ ಢಣ್ ಎಂದು ಸದ್ದು. ಹೋಗಿ ನೋಡಿದರೆ ದೋಸೆ ಹಿಟ್ಟಿನ ಪಾತ್ರೆ ನೆಲದ ಮೇಲೆ. ಹಿಟ್ಟಿನ ತುಂಬ ಪುಟ್ಟ ಹೆಜ್ಜೆ. ಹೆಜ್ಜೆಗಳು ಹಾಲ್ ದಾಟಿ, ಸೋಫಾ ಹತ್ತಿ, ಕಿಟಕಿಯ ತನಕ ಹೋಗಿದ್ದವು. ಭೂಮಿ ಗ್ರಿಲ್ ಮೇಲಿದ್ದಳು. ನಾನು ಬಟ್ಟೆ ತಂದು ಒರೆಸತೊಡಗಿದೆ. ಒರೆಸುತ್ತ ಒರೆಸುತ್ತ ಅಳು ಬಂತು. ಸಂತೋಷಕ್ಕೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಅರ್ಧ ಸಂತೋಷ. ಇನ್ನರ್ಧ, ಅಯ್ಯೋ ಮತ್ತೆ ಶುರುವಾಯಿತಲ್ಲ ಎಂದು. ಮಗು ನಮಗೆ ಮರಳಿ ಸಿಕ್ಕಿದ ದಿನವೂ ನನ್ನ ಮನಸ್ಸಿನ ಒಂದು ಮೂಲೆಗೆ ಆ ಸುಮ್ಮನಿದ್ದ ಮಗು ಬೇಕಾಗಿತ್ತು. ಇದು ನನಗೆ ಮೆಡಿಕಲ್ ಸ್ಟೋರಿನ ಮಾತಿಗಿಂತ ದೊಡ್ಡ ಆಘಾತ.

ಅದೇ ದಿನ ಹೆಬ್ಬಾಳದ ಸೆಂಟರ್‌ಗೆ ಫೋನ್ ಮಾಡಿದೆ. ಅದೇ ಹುಡುಗಿ. ‘ಸರಿಹೋಗಿದ್ದಾಳೆ ಅಂದಿದ್ರಲ್ಲ ಮೇಡಂ?’ ಅಂದಳು. ಇಲ್ಲ, ನಾನು ತಪ್ಪು ತಿಳಿದಿದ್ದೆ ಅಂದೆ. ಮತ್ತೆ ಎರಡು ತಿಂಗಳು ಕಾದೆವು.

ಜಯಮ್ಮನವರ ಜೊತೆ ಎರಡು ವಾರ ಮಾತಿಲ್ಲ. ನಾನು ರಜೆ ಹಾಕಿದೆ. ಪ್ರಸನ್ನ ನಾಗಸಂದ್ರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಕೇಳಿ ಹಾಕಿಸಿಕೊಂಡ. ಒಂದು ದಿನ ಟೆರೇಸಿನಿಂದ ವೆಲ್ಡಿಂಗ್ ಸದ್ದು. ನೋಡಿದರೆ ಜಯಮ್ಮನವರು ಮಗನಿಗೆ ಹೇಳಿ ಟೆರೇಸ್ ಬಾಗಿಲಿಗೆ ಕಬ್ಬಿಣದ ಗೇಟ್, ಗೋಡೆಯ ಮೇಲೆ ಆಳೆತ್ತರದ ಜಾಲರಿ ಹಾಕಿಸುತ್ತಿದ್ದರು. ಬೀಗದ ಕೈ ತಂದು ನನ್ನ ಕೈಗೆ ಕೊಟ್ಟರು. ‘ಇದ್ ಮೊದ್ಲೇ ಮಾಡ್ಬೇಕಿತ್ತು. ಬುದ್ಧಿ ಓಡ್ಲಿಲ್ಲ ತಾಯಿ’ ಅಂದರು. ಅಷ್ಟೇ.

ಮತ್ತೆ ಅವರ ಬಳಿಯೇ ಬಿಟ್ಟೆಯಾ ಎಂದು ನಮ್ಮ ಮನೆಯವರೆಲ್ಲ ಕೇಳಿದರು. ನೀವೂ ಕೇಳುತ್ತೀರಿ. ಬಿಟ್ಟೆ. ಅವಳನ್ನು ಬೇರೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಒಂದು ಕಾರಣ. ನಾನು ಕೇಳಿದ ಮೊದಲ ಪ್ರಶ್ನೆಗೇ ನಿಜ ಹೇಳಿದರು ಎಂಬುದು ಇನ್ನೊಂದು.

ಅಸೆಸ್‌ಮೆಂಟ್ ದಿನ, ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರೇ ಇದ್ದರೂ ಕರೆತನ್ನಿ ಎಂದಿದ್ದರು. ಜಯಮ್ಮನವರು ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದರು. ಸೈಕಾಲಜಿಸ್ಟ್ ಮೂವತ್ತು ದಾಟದ ಹೆಣ್ಣುಮಗಳು. ನನಗೆ ಒಂದು ಫಾರಂ ಕೊಟ್ಟರು. ‘ಮಗು ಎಷ್ಟು ಹೊತ್ತು ಒಂದೇ ಕೆಲಸದಲ್ಲಿ ಕೂರುತ್ತದೆ?’ ನಾನು ‘ಐದು ನಿಮಿಷ’ ಎಂದು ಬರೆದೆ.

‘ಇಲ್ಲ ಮೇಡಂನೋರೆ’ ಅಂದರು ಜಯಮ್ಮ. ‘ಅವರೆಕಾಳು ಕೊಟ್ರೆ ಮುಕ್ಕಾಲ್ ಗಂಟೆ ಕೂರ್ತಾಳೆ. ಬೆರಳಲ್ಲಿ ಒತ್ತೋದು, ಸಿಪ್ಪೆ ಬುಟ್ಟು ಬೇಳೆ ಚಿಮ್ಮೋದು, ಅದ್ ನೋಡ್ತಾ ಕೂರ್ತಾಳೆ. ಫ್ರಾಕ್ ಕತ್ತಲ್ಲಿ ಚೀಟಿ ಇದ್ರೆ ಕಿತ್ತಾಕೋವರ್ಗೂ ಕುಣೀತಾಳೆ, ಅದ್ಕೆ ನಾನ್ ಎಲ್ಲಾ ಫ್ರಾಕ್‌ದೂ ಕತ್ತರಿಸಿವ್ನಿ. ಬೆನ್ನಿಂದೆ ಬಂದು ಮುಟ್ಟಬಾರ್ದು. ಮುಂದ್ ಬಂದು ಕೈ ತೋರ್ಸಿ ಕರುದ್ರೆ ಬರ್ತಾಳೆ.’ ಕೊನೆಗೆ, ನನ್ನ ಕಡೆ ನೋಡದೆ, ಸಿರಪ್ಪಿನ ವಿಷಯವನ್ನೂ ತಾವೇ ಹೇಳಿದರು. ಸೈಕಾಲಜಿಸ್ಟ್ ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ಮತ್ತೆ ಬರೆದರು.

ಫ್ರಾಕಿನ ಲೇಬಲ್ ನಾನು ಗಮನಿಸಿರಲಿಲ್ಲ. ಒಗೆಯುವವಳು ನಾನು.

ರಿಪೋರ್ಟ್ ಬಂದಿದೆ. ಎಡಿಎಚ್‌ಡಿ ಹೌದು ಅಂದಿದ್ದಾರೆ. ಆಟಿಸಂ ಬಗ್ಗೆ ಈಗಲೇ ಹೇಳಲಾಗದು, ಆರು ತಿಂಗಳ ಮೇಲೆ ಮತ್ತೆ ನೋಡೋಣ ಅಂದಿದ್ದಾರೆ. ವಾರಕ್ಕೆ ಎರಡು ದಿನ ಥೆರಪಿ. ಅವಳಿಗಿಂತ ಮೊದಲು ನಮಗೆ ಕ್ಲಾಸು: ಹೇಗೆ ಕರೆಯಬೇಕು, ಹೇಗೆ ಕಾಯಬೇಕು. ಔಷಧಿ ಬೇಕಾದರೆ ಮುಂದೆ ತಾವೇ ಯೋಚಿಸಿ ಹೇಳುತ್ತಾರಂತೆ. ಭೂಮಿಯ ಡೈರಿಗೆ ಆಮೇಲೆ ಸ್ಟಾರ್ ಬಂದಿಲ್ಲ. ಮಿಸ್ ಜೊತೆ ಮಾತಾಡಿ ಎರಡು ಪೀರಿಯಡ್‌ಗೊಮ್ಮೆ ಅವಳಿಗೆ ಗ್ರೌಂಡಿನಲ್ಲಿ ಒಂದು ಸುತ್ತು ಓಡಿ ಬರಲು ಪರ್ಮಿಷನ್ ಕೊಡಿಸಿದ್ದೇವೆ.

ಇದನ್ನು ಬೇರೆಯವರಿಗೂ ತಿಳಿಸಬೇಕು ಅನ್ನಿಸಿತು. ಕಳೆದ ವಾರ ಸ್ಕೂಲ್ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ಮನೆಯಲ್ಲಿರುವ ಹಳೆಯ ಸಿರಪ್ ಬಾಟಲ್ ಇವತ್ತೇ ಎಸೆಯಿರಿ, ಮಗು ಯಾರ ಮನೆಯಲ್ಲಿರುತ್ತದೋ ಅಲ್ಲಿಯೂ ನೋಡಿ, ಮಗು ಇದ್ದಕ್ಕಿದ್ದಂತೆ ಮಂಕಾದರೆ ಡಾಕ್ಟರ ಹತ್ತಿರ ಹೋಗಿ ಎಂದು. ಗ್ರೂಪಿನ ತುಂಬ ಕೈಮುಗಿಯುವ ಇಮೋಜಿ. ಅಳುವ ಇಮೋಜಿ. ‘ಸೋ ಬ್ರೇವ್ ಆಫ್ ಯೂ’.

ಅರ್ಧ ಗಂಟೆಯಲ್ಲಿ ಗ್ರೂಪಿನ ಹೊರಗೆ, ನನ್ನ ನಂಬರಿಗೇ, ಬೇರೆ ಬೇರೆಯಾಗಿ ಇಬ್ಬರಿಂದ ಮೆಸೇಜ್ ಬಂತು. ಒಬ್ಬರ ಮಗ ಭೂಮಿಯ ಕ್ಲಾಸು, ಇನ್ನೊಬ್ಬರ ಮಗಳು ಎರಡನೇ ಕ್ಲಾಸು. ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ ಸಾಲು.

‘ತಪ್ಪು ತಿಳ್ಕೋಬೇಡಿ ಭೂಮಿ ಅಮ್ಮ. ಆ ಸಿರಪ್ ಹೆಸರೇನು?’

ಇಬ್ಬರೂ ನನಗೆ ಗೊತ್ತು. ಒಳ್ಳೆಯ ತಾಯಂದಿರು. ನನ್ನ ಹಾಗೆ.